ದೇಶವಿಲ್ಲದವರ ನಂಟು ಮತ್ತು ನಮ್ಮ ಹೊಣೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ, ಕುಮಟಾದಲ್ಲಿ ಮಾಡಿದ ಭಾಷಣದ ಬರಹ ರೂಪ)



ನನಗೆ ಕೊಟ್ಟಿರುವ ವಿಷಯ ದೊಡ್ಡದು: ದೇಶವಿಲ್ಲದ ಜನರು, ಜಗತ್ತಿನ ಮಾನ್ಯತೆ ಸಿಗದ ಜನಾಂಗಗಳು ತಮ್ಮ ತಮ್ಮೊಳಗೆ ನೆರವಿನ ಸಂಬಂಧವನ್ನು ಹೇಗೆ ಕಟ್ಟಿಕೊಳ್ಳುತ್ತಾರೆ, ಅದರಲ್ಲಿ ನಮ್ಮ ಪಾಲೇನು ಎಂಬುದು. ಈ ವಿಷಯ ಕೇಳಿದ ಕೂಡಲೇ ನಮ್ಮ ಮನಸ್ಸು ಪ್ಯಾಲೆಸ್ತೀನ್ ಕಡೆಗೆ, ರೋಹಿಂಗ್ಯಾ ಶಿಬಿರಗಳ ಕಡೆಗೆ ಹೋಗುತ್ತದೆ. ಹೋಗಬೇಕಾದದ್ದೇ. ಆದರೆ ನಾನು ಇವತ್ತು ಹುಬ್ಬಳ್ಳಿಯ ಒಂದು ಸ್ವೆಟರ್ ಅಂಗಡಿಯಿಂದ ಆರಂಭಿಸುತ್ತೇನೆ.

ನಾನು ಧಾರವಾಡದಲ್ಲಿ ಬಿ.ಇಡ್. ಓದುತ್ತಿದ್ದಾಗಿನ ಮಾತು. ಕರಾವಳಿಯಲ್ಲಿ ಬೆಳೆದ ನಮಗೆ ಚಳಿಯ ಬಟ್ಟೆಯ ಅಭ್ಯಾಸವಿಲ್ಲ. ಡಿಸೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗಿ, ರಸ್ತೆ ಬದಿಯ ಸಾಲು ಅಂಗಡಿಗಳಲ್ಲಿ ಒಂದರಲ್ಲಿ ಸ್ವೆಟರ್ ಆರಿಸುತ್ತಿದ್ದೆ. ಅಂಗಡಿಯಲ್ಲಿದ್ದ ಹೆಂಗಸು ನನ್ನ ಅಮ್ಮಿಯ ವಯಸ್ಸಿನವರು. ಮುಖ ನೋಡಿ, "ನೀವು ನೇಪಾಳದವರಾ?" ಎಂದು ಕೇಳಿದೆ. ಅವರು ಕನ್ನಡದಲ್ಲೇ, "ಅಲ್ಲಪ್ಪಾ, ಮುಂಡಗೋಡದವರು. ನಿನ್ನದು ಯಾವ ಊರು?" ಎಂದರು. ಕುಮಟಾ ಕಡೆಯವನು ಎಂದೆ. "ಹಂಗಾರೆ ಇಬ್ಬರದೂ ಒಂದೇ ಜಿಲ್ಲಾ" ಎಂದು ನಕ್ಕು, ಇಪ್ಪತ್ತು ರೂಪಾಯಿ ಕಡಿಮೆ ಮಾಡಿದರು.

ನನಗೆ ನಾಚಿಕೆಯಾಯಿತು. ಶಾಲೆಯಲ್ಲಿದ್ದಾಗ ನಾವು ದೂರದ ನಿರಾಶ್ರಿತರಿಗಾಗಿ ಡಬ್ಬಿ ಹಿಡಿದು ಚಂದಾ ಎತ್ತಿದವರು. ಆದರೆ ದೇವಿಮನೆ ಘಟ್ಟ ಹತ್ತಿ, ಶಿರಸಿ ದಾಟಿದರೆ ಸಿಗುವ ನಮ್ಮದೇ ಜಿಲ್ಲೆಯ ತಾಲೂಕಿನಲ್ಲಿ ದೇಶ ಕಳೆದುಕೊಂಡ ಸಾವಿರಾರು ಜನ ಇದ್ದಾರೆಂಬುದು ನನ್ನ ತಲೆಗೆ ಬಂದಿರಲೇ ಇಲ್ಲ.

ಮೊದಲು ಎರಡು ಮಾತುಗಳನ್ನು ಬಿಡಿಸಿಕೊಳ್ಳೋಣ. ಯಾವ ದೇಶದ ಕಾನೂನೂ ಒಬ್ಬ ಮನುಷ್ಯನನ್ನು ತನ್ನ ಪ್ರಜೆಯೆಂದು ಒಪ್ಪದಿದ್ದರೆ ಅವನು ಪೌರತ್ವವಿಲ್ಲದವನು. ಒಂದು ಜನಾಂಗಕ್ಕೆ ಭಾಷೆ, ಚರಿತ್ರೆ, ತನ್ನದೆಂಬ ನೆಲದ ನೆನಪು ಎಲ್ಲವೂ ಇದ್ದು, ಜಗತ್ತಿನ ಸಭೆಯಲ್ಲಿ ಕುರ್ಚಿ ಮಾತ್ರ ಇಲ್ಲದಿದ್ದರೆ ಅದು ಮಾನ್ಯತೆಯಿಲ್ಲದ ಜನಾಂಗ. ಪ್ರತಿಯೊಬ್ಬರಿಗೂ ಒಂದು ರಾಷ್ಟ್ರೀಯತೆಯ ಹಕ್ಕಿದೆ ಎಂದು 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆ ತನ್ನ 15ನೇ ವಿಧಿಯಲ್ಲಿ ಒಪ್ಪಿದೆ. ಆದರೆ 1982ರಲ್ಲಿ ಮ್ಯಾನ್ಮಾರ್ ತಂದ ಪೌರತ್ವ ಕಾನೂನು ರೋಹಿಂಗ್ಯಾ ಜನರನ್ನು ಪಟ್ಟಿಯಿಂದ ಹೊರಗಿಟ್ಟಿತು. 2017ರ ಆಗಸ್ಟ್ ನಂತರ ಏಳು ಲಕ್ಷಕ್ಕೂ ಹೆಚ್ಚು ಮಂದಿ ಬಾಂಗ್ಲಾದೇಶಕ್ಕೆ ಓಡಿದರು. ಮೊದಲು ಅವರ ಹೆಸರು ಕಾಗದದಿಂದ ಹೋಯಿತು; ಮನೆಗಳಿಗೆ ಬೆಂಕಿ ಬಿದ್ದದ್ದು ಆಮೇಲೆ. ವಿದ್ಯಾರ್ಥಿಗಳು ಈ ಕ್ರಮವನ್ನು ನೆನಪಿಡಬೇಕು.

ಇಂಥವರ ಜೊತೆ ನಿಲ್ಲುವುದು ನಮಗೆ ಹೊಸ ಪಾಠವಲ್ಲ. ಪ್ರವಾದಿ ಮುಹಮ್ಮದರು(ಸ) ಪ್ರವಾದಿತ್ವಕ್ಕೆ ಮುಂಚೆ, ಸುಮಾರು ಇಪ್ಪತ್ತರ ಹರೆಯದಲ್ಲಿ, 'ಹಿಲ್ಫುಲ್ ಫುಝೂಲ್' ಎಂಬ ಒಪ್ಪಂದದಲ್ಲಿ ಭಾಗವಹಿಸಿದ್ದರು. ಅದಕ್ಕೆ ಕಾರಣನಾದವನು ಯಮನ್ ಕಡೆಯ ಒಬ್ಬ ವ್ಯಾಪಾರಿ. ಮಕ್ಕಾದ ದೊಡ್ಡ ಮನುಷ್ಯನೊಬ್ಬ ಅವನಿಂದ ಮಾಲು ಕೊಂಡು ಹಣ ಕೊಡಲಿಲ್ಲ. ಊರಿನಲ್ಲಿ ಅವನ ಪರ ನಿಲ್ಲುವ ಗೋತ್ರವಿರಲಿಲ್ಲ. ಆ ಕಾಲದಲ್ಲಿ ಗೋತ್ರವಿಲ್ಲದವನೆಂದರೆ ಇಂದಿನ ಪೌರತ್ವವಿಲ್ಲದವನಂತೆಯೇ. ಅವನು ಬೆಟ್ಟ ಹತ್ತಿ ಕೂಗಿ ತನ್ನ ದುಃಖ ಹೇಳಿಕೊಂಡ. ಆಗ ಕೆಲವು ಮನೆತನಗಳವರು ಅಬ್ದುಲ್ಲಾ ಬಿನ್ ಜುದ್‌ಆನ್‌ರ ಮನೆಯಲ್ಲಿ ಸೇರಿ, ಊರಿನವನಿರಲಿ, ಪರದೇಶಿಯಿರಲಿ, ಅನ್ಯಾಯಕ್ಕೊಳಗಾದವನ ಪರ ನಿಲ್ಲುತ್ತೇವೆಂದು ಮಾತು ಕೊಟ್ಟರು. ಇಸ್ಲಾಮ್ ಬಂದ ಮೇಲೂ ಅಂಥ ಒಪ್ಪಂದಕ್ಕೆ ಕರೆದರೆ ಹೋಗುತ್ತೇನೆಂಬ ಅರ್ಥದ ಮಾತನ್ನು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಗಮನಿಸಿ, ಆ ಸಭೆಯಲ್ಲಿದ್ದವರು ಮುಸ್ಲಿಮರಾಗಿರಲಿಲ್ಲ. ಇನ್ನು ಮೊದಲ ಮುಸ್ಲಿಮರಿಗೆ ಮಕ್ಕಾದಲ್ಲಿ ಬದುಕು ಕಷ್ಟವಾದಾಗ ಆಶ್ರಯ ಕೊಟ್ಟವರು ಅಬಿಸೀನಿಯಾದ ಕ್ರೈಸ್ತ ದೊರೆ ನಜ್ಜಾಶಿ. ನಮ್ಮ ಚರಿತ್ರೆಯ ಮೊದಲ ಪುಟಗಳಲ್ಲೇ ನಾವು ನಿರಾಶ್ರಿತರು.

ಈಗ ಮುಂಡಗೋಡಕ್ಕೆ ಬರೋಣ. 1959ರಲ್ಲಿ ದಲಾಯಿ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅವರಿಗೆ ನೆಲ ಕೊಡಿ ಎಂದು ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದಾಗ, ಮೈಸೂರು ರಾಜ್ಯ ಮುಂದೆ ಬಂತು. 1960ರಲ್ಲಿ ಬೈಲಕುಪ್ಪೆಯಲ್ಲಿ ಮೊದಲ ವಸತಿ ಆರಂಭವಾಯಿತು. 1966ರಲ್ಲಿ ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆಯಲ್ಲಿ 'ದೋಗುಲಿಂಗ್' ವಸತಿ ಏರ್ಪಟ್ಟಿತು. ಬೈಲಕುಪ್ಪೆಯ ಇನ್ನೊಂದು ವಸತಿ, ಹುಣಸೂರು ಬಳಿಯದು, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದ್ದು ಸೇರಿ ಕರ್ನಾಟಕದಲ್ಲಿ ಐದು ವಸತಿಗಳಾದವು. ಉತ್ತರ ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗದಲ್ಲಿ, ಹತ್ತು ವರ್ಷ ಕ್ಷಯ ಮತ್ತು ಸೆಕೆಯ ನಡುವೆ ಓದು ಮುಂದುವರಿಸಿದ ಭಿಕ್ಷುಗಳು 1969ರ ಹೊತ್ತಿಗೆ ಮುಂಡಗೋಡಕ್ಕೆ ಬಂದು ಗಾದೆನ್ ಮತ್ತು ದ್ರೆಪುಂಗ್ ಮಠಗಳನ್ನು ಮತ್ತೆ ಕಟ್ಟಿದರು. ನಮ್ಮ ಜಿಲ್ಲೆಯವರು ಲಾಮಾ ಕ್ಯಾಂಪ್ ಎಂದು ಕರೆಯುವುದು ಇವನ್ನೇ.

ಕೈಯಲ್ಲಿ ಏನೂ ಇಲ್ಲದೆ ಬಂದವರು ಅರವತ್ತು ವರ್ಷ ಒಂದು ಜನಾಂಗವಾಗಿ ಉಳಿದದ್ದು ಹೇಗೆ? ನನಗೆ ಮೂರು ಕಾರಣಗಳು ಕಾಣುತ್ತವೆ.

ಒಂದು, ಶಾಲೆ. 1961ರಲ್ಲಿ ಭಾರತ ಸರಕಾರ ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಪ್ರತ್ಯೇಕ ಆಡಳಿತವನ್ನೇ ಸ್ಥಾಪಿಸಿತು. ಮುಂದೆ ಕೆಳ ತರಗತಿಗಳಲ್ಲಿ ಟಿಬೆಟನ್ ಮಾಧ್ಯಮ ಬಂತು. ಹೀಗಾಗಿ ಅಲ್ಲಿನ ಮಕ್ಕಳು ತಮ್ಮ ಲಿಪಿ ಬಿಡಲಿಲ್ಲ. ಹಿಂದಿ, ಇಂಗ್ಲಿಷ್ ಕಲಿತರು. ಸಂತೆಯಲ್ಲಿ ಕನ್ನಡವನ್ನೂ ಕಲಿತರು. ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುವ ನನಗೆ ಇದು ದೊಡ್ಡ ಧೈರ್ಯ. ಮನೆಯ ಭಾಷೆ ಉಳಿಸಿಕೊಂಡರೆ ನೆಲದ ಭಾಷೆ ಬರುವುದಿಲ್ಲ ಎಂದು ಹೇಳುವವರಿಗೆ ಆ ಸ್ವೆಟರಿನ ತಾಯಿಯ ಕನ್ನಡ ಉತ್ತರ ಕೊಟ್ಟಿತ್ತು.

ಎರಡು, ಲೆಕ್ಕದ ಪುಸ್ತಕ. 1972ರಿಂದ ಪ್ರತಿ ಟಿಬೆಟನ್ನರ ಕೈಯಲ್ಲಿ 'ಹಸಿರು ಪುಸ್ತಕ' ಎಂಬ ಒಂದು ಕಿರುಹೊತ್ತಗೆ ಇರುತ್ತದೆ. ವರ್ಷಕ್ಕೊಮ್ಮೆ ತಮ್ಮ ಶಕ್ತ್ಯಾನುಸಾರ ಒಂದು ವಂತಿಗೆ ಕೊಟ್ಟು ಅದರಲ್ಲಿ ಬರೆಸುತ್ತಾರೆ. ಮೊತ್ತ ದೊಡ್ಡದಲ್ಲ, ಕಾನೂನಿನ ಒತ್ತಾಯವೂ ಇಲ್ಲ. ಆದರೆ ಯಾರು ಎಲ್ಲಿದ್ದಾರೆ ಎಂಬುದು ಅದರಿಂದ ಗೊತ್ತಾಗುತ್ತದೆ. ತಾನು ಲೆಕ್ಕದಲ್ಲಿದ್ದೇನೆಂಬುದು ಕೊಟ್ಟವನಿಗೂ ಗೊತ್ತಾಗುತ್ತದೆ. ನಮ್ಮ ಕರಾವಳಿಯವರಿಗೆ ಇದು ಅಪರಿಚಿತವಲ್ಲ. ಭಟ್ಕಳದ ನವಾಯತರು 1912ರಲ್ಲಿ ತಂಜೀಮ್, 1919ರಲ್ಲಿ ಅಂಜುಮನ್ ಕಟ್ಟಿದ್ದೂ, ಮುಂಬಯಿಯಲ್ಲಿ, ಗಲ್ಫಿನ ನಗರಗಳಲ್ಲಿ ಜಮಾಅತ್ ಮಾಡಿಕೊಂಡು ಊರಿನ ಶಾಲೆಗೆ ಹಣ ಕಳಿಸಿದ್ದೂ ಇದೇ ದಾರಿಯಲ್ಲಿ.

ಮೂರು, ಹೊರಗಿನವರ ವಿಶ್ವಾಸ. ಸ್ವೆಟರುಗಳು ಬರುವುದು ಬಹುಪಾಲು ಲೂಧಿಯಾನಾದಿಂದ. ಅಲ್ಲಿನ ಕಾರ್ಖಾನೆಯವರು ಟಿಬೆಟನ್ ವ್ಯಾಪಾರಿಗಳಿಗೆ ಚಳಿಗಾಲದ ಮೊದಲು ಸಾಲಕ್ಕೆ ಮಾಲು ಕೊಡುತ್ತಾರೆ. ವ್ಯಾಪಾರಿಗಳ ಸಂಘ ನಡುವೆ ನಿಲ್ಲುತ್ತದೆ. ಚಳಿಗಾಲ ಮುಗಿದ ಮೇಲೆ ಹಣ ತೀರುತ್ತದೆ. ಒತ್ತೆ ಇಡಲು ಹೊಲ ಮನೆ ಇಲ್ಲದವರಿಗೆ ಮಾತೇ ಒತ್ತೆ. ಒಬ್ಬ ಮಾತು ತಪ್ಪಿದರೆ ಎಲ್ಲರ ದಾರಿ ಮುಚ್ಚುತ್ತದೆ ಎಂಬುದು ಅವರಿಗೆ ಗೊತ್ತು.

ಇಷ್ಟೆಲ್ಲ ಇದ್ದರೂ ಕಾಗದದ ಕೊರತೆ ತುಂಬಿಲ್ಲ ಎಂಬುದನ್ನೂ ಹೇಳಬೇಕು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಶ್ರಯ ಕೊಟ್ಟದ್ದು ದೇಶದ ಔದಾರ್ಯ. ಆದರೆ ಕಾನೂನಿನ ಕಣ್ಣಿನಲ್ಲಿ ಅವರು ವಿದೇಶೀಯರು. ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕು; ಹೊರದೇಶಕ್ಕೆ ಹೋಗಲು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪತ್ರ ಬೇಕು. ನಮ್ಮ ಪೌರತ್ವ ಕಾನೂನಿನಂತೆ 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು 2010ರಲ್ಲಿ ದೆಹಲಿ ಹೈಕೋರ್ಟೂ 2013ರಲ್ಲಿ ಕರ್ನಾಟಕ ಹೈಕೋರ್ಟೂ ಹೇಳಿದವು. ಅಂದರೆ ಒಂದೇ ಮನೆಯಲ್ಲಿ 1986ರಲ್ಲಿ ಹುಟ್ಟಿದ ಅಣ್ಣ ಭಾರತೀಯನಾಗಬಹುದು. ತಂದೆತಾಯಿ ಇಬ್ಬರೂ ವಿದೇಶೀಯರೆಂದು ದಾಖಲಾಗಿದ್ದರೆ 1988ರಲ್ಲಿ ಹುಟ್ಟಿದ ತಮ್ಮ ಆಗಲಾರ. ಯುವಕರು ಯುರೋಪ್, ಅಮೆರಿಕ ಕಡೆಗೆ ಹೋಗುತ್ತಿದ್ದಾರೆ. ವಸತಿಯ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ. ನೆರವಿನ ಸಂಬಂಧ ಪೌರತ್ವಕ್ಕೆ ಬದಲಿಯಲ್ಲ. ಅದು ಸಿಗುವವರೆಗೆ ಜನ ಚದುರಿಹೋಗದಂತೆ ಹಿಡಿದಿಡುತ್ತದೆ, ಅಷ್ಟೇ.

ಈ ವಿಷಯವನ್ನು ಒಮ್ಮೆ ತರಗತಿಯಲ್ಲಿ ಹೇಳುತ್ತಿದ್ದಾಗ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತ. "ಸರ್, ರೋಹಿಂಗ್ಯಾದವರನ್ನು ಓಡಿಸಿದವರು ಬೌದ್ಧರಲ್ಲವಾ? ಈ ಲಾಮಾಗಳ ಬಗ್ಗೆ ನಾವ್ಯಾಕೆ ಯೋಚಿಸಬೇಕು?" ಎಂದ. ತರಗತಿ ಸುಮ್ಮನಾಯಿತು. ಪ್ರಶ್ನೆ ಕೆಟ್ಟದ್ದಲ್ಲ. ಮನೆಗಳಲ್ಲಿ ದೊಡ್ಡವರು ಮನಸ್ಸಿನಲ್ಲಿಟ್ಟುಕೊಂಡದ್ದನ್ನು ಹುಡುಗ ಬಾಯಿಬಿಟ್ಟು ಕೇಳಿದ. ಅವನನ್ನು ಗದರಿಸಿ ಕೂರಿಸಬಹುದಿತ್ತು. ಆದರೆ ಆ ದಿನ ಸರಿಯಾದ ಉತ್ತರ ನನ್ನ ಹತ್ತಿರ ಇರಲಿಲ್ಲ. ನಾಳೆ ಹೇಳುತ್ತೇನೆ ಎಂದೆ. ಓದಿಕೊಂಡು ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ.

ಮೊದಲನೆಯದು, 2017ರಲ್ಲಿ ರೋಹಿಂಗ್ಯಾ ಜನರ ಮೇಲೆ ದೌರ್ಜನ್ಯ ನಡೆದಾಗ, ಬುದ್ಧ ಇದ್ದಿದ್ದರೆ ಆ ಬಡ ಮುಸ್ಲಿಮರಿಗೆ ಸಹಾಯ ಮಾಡುತ್ತಿದ್ದ ಎಂಬ ಅರ್ಥದ ಮಾತನ್ನು ದಲಾಯಿ ಲಾಮಾ ಬಹಿರಂಗವಾಗಿ ಹೇಳಿದರು. ತಮ್ಮ ಧರ್ಮದವರ ತಪ್ಪನ್ನು ತಪ್ಪೆಂದು ಹೇಳಲು ಅವರು ಹಿಂಜರಿಯಲಿಲ್ಲ.

ಎರಡನೆಯದು, ಟಿಬೆಟಿನಲ್ಲಿ ಮುಸ್ಲಿಮರೂ ಇದ್ದಾರೆ. ಲಾಸಾ ನಗರದಲ್ಲಿ ಕಾಶ್ಮೀರ ಮೂಲದ ವರ್ತಕರ ಮನೆತನಗಳು ನೂರಾರು ವರ್ಷ ಬಾಳಿದವು. ಅವರನ್ನು 'ಖಚೆ' ಎನ್ನುತ್ತಾರೆ. ಅವರಲ್ಲಿ ಒಂದು ಪ್ರತೀತಿಯಿದೆ. ಐದನೆಯ ದಲಾಯಿ ಲಾಮಾ ತಮ್ಮ ಅರಮನೆಯಿಂದ ನೋಡುವಾಗ ಗುಡ್ಡದಲ್ಲಿ ಒಬ್ಬ ಮುಸ್ಲಿಮನು ಒಂಟಿಯಾಗಿ ನಮಾಝ್ ಮಾಡುತ್ತಿದ್ದುದು ಕಂಡಿತಂತೆ. ಊರಿನಲ್ಲಿ ತಮಗೆ ಜಾಗವಿಲ್ಲವೆಂದು ಆತ ಹೇಳಿದಾಗ, ಬಿಲ್ಲುಗಾರನಿಂದ ನಾಲ್ಕು ದಿಕ್ಕಿಗೂ ಬಾಣ ಬಿಡಿಸಿ, ಬಾಣ ಬಿದ್ದಷ್ಟು ದೂರದ ನೆಲವನ್ನು ಮಸೀದಿಗೂ ಖಬರಸ್ತಾನಕ್ಕೂ ಕೊಟ್ಟರಂತೆ. 1959ರ ನಂತರ ಈ ಮುಸ್ಲಿಮರು ತಮ್ಮ ಕಾಶ್ಮೀರದ ಮೂಲವನ್ನು ಮುಂದಿಟ್ಟು ಭಾರತೀಯ ಪೌರತ್ವ ಪಡೆದು, 1960ರಲ್ಲಿ ಹೊರಬಂದು, ಬಹಳಷ್ಟು ಜನ ಕೊನೆಗೆ ಶ್ರೀನಗರದಲ್ಲಿ ನೆಲೆಸಿದರು. ಅಲ್ಲಿ ಅವರದೇ ಶಾಲೆಯಿದೆ; 2012ರಲ್ಲಿ ದಲಾಯಿ ಲಾಮಾ ಅಲ್ಲಿಗೆ ಭೇಟಿ ಕೊಟ್ಟಿದ್ದರು. ಒಂದೇ ಊರಿನಿಂದ ಹೊರಟವರಲ್ಲಿ ಮುಸ್ಲಿಮರಿಗೆ ದೇಶ ಸಿಕ್ಕಿತು, ಬೌದ್ಧರಿಗೆ ಸಿಗಲಿಲ್ಲ. ಆದರೂ ಅವರ ನಡುವಿನ ನಂಟು ಕಡಿಯಲಿಲ್ಲ.

ಮೂರನೆಯದು ಹೇಗ್ ನಗರದ ಸಂಗತಿ. 1991ರ ಫೆಬ್ರವರಿ 11ರಂದು ನೆದರ್‌ಲ್ಯಾಂಡಿನ ಆ ನಗರದಲ್ಲಿ ಪ್ರಾತಿನಿಧ್ಯವಿಲ್ಲದ ರಾಷ್ಟ್ರಗಳ ಮತ್ತು ಜನಾಂಗಗಳ ಸಂಘಟನೆ ಹುಟ್ಟಿತು. ಅದನ್ನು ಕಟ್ಟಿದವರಲ್ಲಿ ಟಿಬೆಟನ್ನರಿದ್ದರು. ಎರ್ಕಿನ್ ಆಲ್ಪ್‌ತೆಕಿನ್ ಎಂಬ ಉಯ್ಘುರ್ ಮುಸ್ಲಿಮರಿದ್ದರು. ಬೌದ್ಧ ಗ್ರಂಥಗಳ ವಿದ್ವಾಂಸರಾದ ಎಸ್ತೋನಿಯಾದ ಲಿನ್ನಾರ್ಟ್ ಮ್ಯಾಲ್ ಇದ್ದರು. 1944ರಲ್ಲಿ ತಮ್ಮ ನೆಲದಿಂದ ರೈಲುಗಳಲ್ಲಿ ತುಂಬಿ ಮಧ್ಯ ಏಷ್ಯಾಕ್ಕೆ ಸಾಗಿಸಲ್ಪಟ್ಟ ಕ್ರಿಮಿಯಾದ ತಾತಾರ್ ಮುಸ್ಲಿಮರೂ ಅದರ ಸದಸ್ಯರಾದರು. ಧರ್ಮ ಬೇರೆ, ಭಾಷೆ ಬೇರೆ, ಖಂಡ ಬೇರೆ. ಸೇರಲು ಷರತ್ತುಗಳಿವೆ: ಅಹಿಂಸೆ, ಮಾನವ ಹಕ್ಕು, ಪ್ರಜಾಪ್ರಭುತ್ವ, ಸಹನೆ, ಪರಿಸರ ರಕ್ಷಣೆಗಳನ್ನು ಒಪ್ಪಬೇಕು. ಸದಸ್ಯರಲ್ಲಿ ಎಸ್ತೋನಿಯಾ, ಲಾಟ್ವಿಯಾ 1991ರಲ್ಲಿ, ಆರ್ಮೇನಿಯಾ, ಜಾರ್ಜಿಯಾ 1992ರಲ್ಲಿ, ಪಲಾವು 1994ರಲ್ಲಿ, ಪೂರ್ವ ತಿಮೋರ್ 2002ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದವು. ಇದು ಆ ಸಂಘಟನೆಯ ಬಲದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಅದಕ್ಕೆ ಸೈನ್ಯವಿಲ್ಲ, ಸಂಪತ್ತಿಲ್ಲ. ಹೆಚ್ಚಿನ ಸದಸ್ಯರು ಇಂದೂ ಹೊರಗೇ ಇದ್ದಾರೆ. ಆದರೆ ಅರ್ಜಿ ಬರೆಯುವುದು ಹೇಗೆ, ಜಗತ್ತಿನ ಸಭೆಗಳಲ್ಲಿ ಮಾತನಾಡುವುದು ಹೇಗೆ ಎಂಬುದನ್ನು ಒಬ್ಬರಿಂದೊಬ್ಬರು ಕಲಿತರು. ಉಯ್ಘುರರ ಕಷ್ಟವನ್ನು ಟಿಬೆಟನ್ನನೂ ಟಿಬೆಟನ್ನರ ಕಷ್ಟವನ್ನು ಉಯ್ಘುರನೂ ಹೇಳಿದಾಗ ಕೇಳುವವರು, ಇದು ಒಂದು ಧರ್ಮದ ದೂರಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ತನ್ನವರಿಗಷ್ಟೇ ಕೈ ಚಾಚುವ ನೆರವು ತನ್ನವರನ್ನೂ ಹೆಚ್ಚು ಕಾಲ ಕಾಯಲಾರದು. ತನ್ನವರಲ್ಲದವರ ಜೊತೆ ಕಟ್ಟಿದ ನಂಟೇ ಕಷ್ಟಕಾಲಕ್ಕೆ ಒದಗುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಸಾಕ್ಷಿಯಿದೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆಯ ಸಿದ್ದಿಗಳನ್ನು ನೀವು ನೋಡಿದ್ದೀರಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ಕಾಡು ಸೇರಿ ಬದುಕಿದವರ ಸಂತತಿ. ಅವರು ಭಾರತದ ಪೌರರೇ. ಆದರೆ ಅವರದೂ ಒಂದು ಬುಡಕಟ್ಟು ಎಂಬ ಮಾನ್ಯತೆ ಸರಕಾರಿ ಪಟ್ಟಿಯಲ್ಲಿ ಬಹುಕಾಲ ಇರಲಿಲ್ಲ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಮೂರು ದಿಕ್ಕಿಗೆ ಹರಿದುಹೋಗುವುದು ಸುಲಭವಿತ್ತು. 1980ರ ದಶಕದಲ್ಲಿ ಮೂರೂ ಮತದವರು ಒಂದೇ ಸಂಘದಡಿ ಸೇರಿ, ನಾವೆಲ್ಲ ಸಿದ್ದಿಗಳು ಎಂದು ಕೇಳತೊಡಗಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ಕೆಲವರು ಕೇಳಬಹುದು: ಇದೆಲ್ಲ ರಾಜಕೀಯವಲ್ಲವೇ, ವಿದ್ಯಾಸಂಘಕ್ಕೆ ಏಕೆ? ಗಡಿ, ಮಾನ್ಯತೆ, ವಿದೇಶ ನೀತಿ ಸರಕಾರದ ಕೆಲಸ. ಅದರಲ್ಲಿ ಕೈಹಾಕುವುದು ನಮ್ಮ ಕೆಲಸವಲ್ಲ. ನೆರೆಯವನನ್ನು ತಿಳಿಯುವುದು, ಮಗುವಿಗೆ ಪಾಠ ಹೇಳುವುದು, ಕಾಗದ ಸರಿಮಾಡಿಕೊಡುವುದು ಯಾವ ಕಾನೂನಿಗೂ ವಿರುದ್ಧವಲ್ಲ. ನಮ್ಮ ಬಡವರೇ ಇನ್ನೂ ಇದ್ದಾರಲ್ಲ ಎಂಬ ಮಾತೂ ಬರುತ್ತದೆ. ನಿಜ, ಇದ್ದಾರೆ. ಅದಕ್ಕೇ ನಾನು ಹಣ ಕೇಳುತ್ತಿಲ್ಲ. ಮೂರು ಕೆಲಸ ಕೇಳುತ್ತಿದ್ದೇನೆ.

ಮೊದಲನೆಯದು ನಮ್ಮ ಮನೆಯದು. ಪ್ರತಿ ಜೂನ್‌ನಲ್ಲಿ ದಾಖಲಾತಿ ಪುಸ್ತಕ ಬರೆಯುವಾಗ ನಾನು ನೋಡುತ್ತೇನೆ: ಒಂದೇ ಮಗುವಿನ ಹೆಸರು ಜನನ ಪತ್ರದಲ್ಲಿ ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು, ತಂದೆಯ ರೇಷನ್ ಕಾರ್ಡಿನಲ್ಲಿ ಮತ್ತೊಂದು. ಉರ್ದುವಿನ ಒಂದು ಹೆಸರು ಕನ್ನಡ ಮತ್ತು ಇಂಗ್ಲಿಷಿಗೆ ಹೋಗುವಾಗ ಮೂರು ಹೆಸರಾಗುತ್ತದೆ. ಮಗು ಹುಟ್ಟಿದ 21 ದಿನಗಳೊಳಗೆ ನೋಂದಣಿ ಮಾಡಿಸಿ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವುದರಿಂದ ಹಿಡಿದು ಪಾಸ್‌ಪೋರ್ಟಿನವರೆಗೆ ಜನ್ಮದಿನಕ್ಕೆ ಜನನ ಪ್ರಮಾಣಪತ್ರವೇ ಆಧಾರ. ಸಂಘವು ತಿಂಗಳಿಗೊಂದು ಭಾನುವಾರ ಒಂದು ಮೇಜು, ಇಬ್ಬರು ಸ್ವಯಂಸೇವಕರನ್ನು ಇಟ್ಟು ಇಂಥ ಕಾಗದ ಸರಿಪಡಿಸಲು ನೆರವಾಗಲಿ. ಆ ಮೇಜು ನಮ್ಮವರಿಗೆ ಮಾತ್ರವಲ್ಲದೆ ಹಾಲಕ್ಕಿ ಒಕ್ಕಲಿಗರಿಗೂ ಮೀನುಗಾರರಿಗೂ ಹೊರ ಊರಿನಿಂದ ಬಂದ ಕೂಲಿಯವರಿಗೂ ತೆರೆದಿರಲಿ.

ಎರಡನೆಯದು ವಿದ್ಯಾರ್ಥಿಗಳದು. ಪ್ರತಿ ವರ್ಷ ಪ್ರವಾಸಕ್ಕೆ ಜೋಗ, ಮುರ್ಡೇಶ್ವರ ನೋಡುತ್ತೇವೆ. ಒಂದು ವರ್ಷ ಮುಂಡಗೋಡಕ್ಕೆ ಹೋಗೋಣ. ಮಠದ ಬಣ್ಣ ನೋಡಿ ಫೋಟೋ ತೆಗೆದು ಬರುವುದಕ್ಕಲ್ಲ. ಅಲ್ಲಿನ ಮಕ್ಕಳ ಜೊತೆ ಒಂದು ದಿನ ಕೂತು, ಅವರ ಲಿಪಿಯಲ್ಲಿ ನಮ್ಮ ಹೆಸರು, ನಮ್ಮ ಲಿಪಿಗಳಲ್ಲಿ ಅವರ ಹೆಸರು ಬರೆದುಕೊಂಡು ಬರೋಣ. ಮರುವರ್ಷ ಅವರು ಕಡಲು ನೋಡಲು ಇಲ್ಲಿಗೆ ಬರಲಿ. ನಮ್ಮ ಮನೆಗಳಲ್ಲಿ ಊಟ ಮಾಡಲಿ.

ಮೂರನೆಯದು ಲೆಕ್ಕದ್ದು. ನಾವು ದೂರದ ಸಂತ್ರಸ್ತರಿಗೆ ದುಆ ಮಾಡುತ್ತೇವೆ. ಸಂಕಟದ ಸುದ್ದಿ ಬಂದ ವಾರ ಕಣ್ಣೀರು ಹಾಕಿ ಮುಂದಿನ ವಾರ ಮರೆಯುತ್ತೇವೆ. ಹಸಿರು ಪುಸ್ತಕದವರಂತೆ ಚಿಕ್ಕದನ್ನು, ತಪ್ಪದೆ, ಬರೆದಿಟ್ಟು ಮಾಡುವುದನ್ನು ಕಲಿಯೋಣ. ಒಬ್ಬ ವಿದ್ಯಾರ್ಥಿ ವರ್ಷಕ್ಕೆ ಹತ್ತು ಗಂಟೆ ಕಿರಿಯ ಮಗುವೊಂದಕ್ಕೆ ಓದು ಹೇಳಿಕೊಡಲಿ. ಅದು ಸಂಘದ ಪುಸ್ತಕದಲ್ಲಿ ಬರಹವಾಗಲಿ.

ಆ ಹುಡುಗನ ವಿಷಯ ಹೇಳಿ ಮುಗಿಸುತ್ತೇನೆ. ಮರುದಿನ ನನ್ನ ಉತ್ತರವೆಲ್ಲ ಕೇಳಿ ಅವನು ಒಪ್ಪಿದೆ ಎನ್ನಲಿಲ್ಲ. "ಸರ್, ಅವರಿಗೆ ಕನ್ನಡ ಬರ್ತದಾ?" ಎಂದು ಮಾತ್ರ ಕೇಳಿದ. ಬರುತ್ತದೆ ಎಂದೆ. "ಹಾಗಾದ್ರೆ ಮಾತಾಡಬಹುದು" ಎಂದು ಕೂತ. ಅಷ್ಟು ಸಾಕು. ಅನ್ಯಾಯಕ್ಕೊಳಗಾದವನು ಬೆಟ್ಟ ಹತ್ತಿ ಕೂಗುವ ಮೊದಲೇ ಅವನ ಮನೆಯ ದಾರಿ ನಮಗೆ ಗೊತ್ತಿರಬೇಕು.

ನೆಲೆ ಕಳೆದುಕೊಂಡ ಎಲ್ಲರಿಗೂ ಅಲ್ಲಾಹನು ನೆಲೆ ಕೊಡಲಿ, ನೆಲೆಯಿರುವ ನಮಗೆ ಅವರ ನೆನಪು ಕೊಡಲಿ, ಆಮೀನ್.